ನಾಯಿ ಮಲಗಿದ ಹೊತ್ತೇ ಬರೆಯುವ ಹೊತ್ತು

ಮನೆಯಲ್ಲೇ ಕೂತು ಬರೆಯುವವರು ನಾಯಿ ಸಾಕಿದ ಮೇಲೆ ಮೊದಲು ಬದಲಾಯಿಸಿಕೊಳ್ಳಬೇಕಾದ್ದು ವೇಳಾಪಟ್ಟಿ. ಬೆಳೆದ ನಾಯಿ ದಿನಕ್ಕೆ 12ರಿಂದ 14 ಗಂಟೆ ಮಲಗುತ್ತದೆ, ಮರಿಯಾದರೆ 18ರಿಂದ 20 ಗಂಟೆ. ಹಾಗಾಗಿ ಬರೆಯಲು ಹೊತ್ತು ಸಾಲದು ಅನ್ನುವ ಪ್ರಶ್ನೆಯೇ ಇಲ್ಲ. ಹೊತ್ತು ಬೇಕಾದಷ್ಟಿದೆ, ಅದು ನಾವು ಕರೆದಾಗ ಬರುವುದಿಲ್ಲ ಅಷ್ಟೆ. ನಾಯಿಯ ಮೈ ಚುರುಕಾಗುವುದು ಬೆಳಕು ಹರಿಯುವಾಗ ಒಮ್ಮೆ, ಹೊತ್ತು ಇಳಿಯುವಾಗ ಇನ್ನೊಮ್ಮೆ. ನಡುವಿನದೆಲ್ಲ ಅದರ ವಿಶ್ರಾಂತಿ. ಬೆಳಗಿನ ಓಡಾಟ, ಮೂಸಾಟ, ಊಟ ಮೂರೂ ಮುಗಿಯುವ ಮೊದಲೇ ಲ್ಯಾಪ್‌ಟಾಪ್ ತೆರೆದರೆ ಆ ಬಾಕಿಯನ್ನು ಅದು ದಿನವಿಡೀ ಚಿಲ್ಲರೆಯಾಗಿ ವಸೂಲಿ ಮಾಡುತ್ತದೆ. ಒಂದು ಪ್ಯಾರಾ ಮುಗಿಯುವುದರೊಳಗೆ ಮೂರು ಸಲ ಮೊಣಕೈಗೆ ಮೂತಿ ತಾಗಿಸುವ ನಾಯಿ ಹಟಮಾರಿ ಅಲ್ಲ. ಅದರ ಬೆಳಗು ಇನ್ನೂ ಮುಗಿದಿಲ್ಲ.

ಆರರಿಂದ ಎಂಟೂವರೆ ತನಕದ ಹೊತ್ತನ್ನು ಪೂರ್ತಿ ನಾಯಿಯ ಲೆಕ್ಕಕ್ಕೆ ಬರೆದುಬಿಡಿ. 40 ನಿಮಿಷ ಹೊರಗೆ ಸುತ್ತಾಡಿಸುವುದಾದರೆ ಅದರಲ್ಲಿ ಅರ್ಧದಷ್ಟು ಹೊತ್ತು ಅದು ನಿಂತಲ್ಲಿ ನೀವೂ ನಿಲ್ಲಬೇಕು. ಬಿರಬಿರನೆ ನಡೆಸಿ ಮನೆಗೆ ತಂದರೆ ಕಾಲು ದಣಿಯುತ್ತದೆ, ತಲೆ ದಣಿಯುವುದಿಲ್ಲ. ಲೈಟು ಕಂಬ, ಗಿಡದ ಬುಡ, ಕಾಂಪೌಂಡಿನ ಮೂಲೆ ಇವನ್ನೆಲ್ಲ ತನ್ನ ಪಾಡಿಗೆ ಮೂಸಲು ಬಿಟ್ಟ ನಾಯಿ ಬಂದು ಊಟ ಮಾಡಿ ಧೊಪ್ಪನೆ ಬೀಳುತ್ತದೆ. ಹಗ್ಗ 6 ಅಡಿ ಇರಲಿ. 4 ಅಡಿಯದಾದರೆ ಮೂಗು ನೆಲ ಮುಟ್ಟುವಷ್ಟರಲ್ಲಿ ಕುತ್ತಿಗೆ ಜಗ್ಗುತ್ತದೆ. ಬರೆಯಲು ಕೂರುವ ಮೊದಲು ಚೆಂಡು ಎಸೆದು ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಆ ಆಟದಲ್ಲಿ ನಾಯಿ ಉದ್ರೇಕಗೊಂಡಿರುತ್ತದೆ, ಆಡಿ ಬಂದ ಮೇಲೆ ಬಹಳ ಹೊತ್ತು ನೆಲೆ ನಿಲ್ಲದೆ ಮನೆಯೊಳಗೇ ಸುತ್ತುತ್ತದೆ. ಚೆಂಡು ಸಂಜೆಗಿರಲಿ. ದೊಡ್ಡ ಮೈಯ, ಎದೆಗೂಡು ಆಳವಾಗಿರುವ ತಳಿಗಳಾದರೆ ಊಟದ ಮೇಲೆ ಕನಿಷ್ಠ ಒಂದು ಗಂಟೆ ಓಡಿಸಲೇಬಾರದು. ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತದೆ.

ಎಂಟೂವರೆಗೆ ಮೊದಲು ಬೀದಿಯೂ ಸುಮ್ಮನಿರುವುದಿಲ್ಲ. ಹಾಲಿನವರು, ಪೇಪರ್ ಹಾಕುವ ಹುಡುಗ, ಕಸದ ಗಾಡಿಯ ಹಾಡು, ಸೊಪ್ಪಿನವರ ಕೂಗು, ಸ್ಕೂಲ್ ವ್ಯಾನು, ಪ್ರತಿಯೊಂದಕ್ಕೂ ಒಂದು ಸುತ್ತು ಬೊಗಳುವಿಕೆ. ನಾಯಿಯ ಕೆಲಸದ ನಡುವೆ ಬಿಡುವು ಸಿಕ್ಕರೂ ಈ ಹೊತ್ತಿಗೆ ಮೇಲ್ ನೋಡುವುದು, ಪ್ರೂಫ್ ತಿದ್ದುವುದು ಇಷ್ಟನ್ನೇ ಇಟ್ಟುಕೊಂಡರೆ ಸಿಟ್ಟು ಬರುವುದಿಲ್ಲ. ಹೊಸದಾಗಿ ಬರೆಯುವುದನ್ನು 9ರಿಂದ 12ಕ್ಕೆ ಇಡಿ. ನಾಯಿ ಗಾಢವಾಗಿ ಮಲಗುವ ಹೊತ್ತು ಅದೇ. 12ಕ್ಕೆ ಹತ್ತು ನಿಮಿಷ ಹೊರಗೆ ಬಿಟ್ಟು ತಂದರೆ ಎರಡರಿಂದ ನಾಲ್ಕೂವರೆಯ ತನಕ ಇನ್ನೊಂದು ಪಾಳಿ ಸಿಗುತ್ತದೆ. ಐದರ ಮೇಲೆ ಹಟ ಹಿಡಿದು ಕೂತರೆ ಬರಹವೂ ಕೆಡುತ್ತದೆ, ನಾಯಿಯೂ ಕೆಡುತ್ತದೆ.

ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬರೆಯುವವರ ತೊಂದರೆಯೇ ಬೇರೆ. ನೀವು ಎದ್ದ ತಕ್ಷಣ ನಾಯಿಯೂ ಏಳುತ್ತದೆ. ಆಗ ದೊಡ್ಡ ದೀಪ ಹಾಕದೆ, ಮಾತಾಡಿಸದೆ, ಉಚ್ಚೆಗೆ ಮಾತ್ರ ಬಿಟ್ಟು ಮತ್ತೆ ಹಾಸಿಗೆಗೆ ಕಳಿಸಬೇಕು. ಪಾಪ ಅಂತ ಒಂದು ಬಿಸ್ಕತ್ತು ಕೊಟ್ಟಿರೋ, ಮಾರನೇ ದಿನ ಮೂರೂ ಮುಕ್ಕಾಲಕ್ಕೇ ಮಂಚದ ಪಕ್ಕ ನಿಂತಿರುತ್ತದೆ. ಊಟದ ಹೊತ್ತನ್ನು ನಾಯಿ ಮುಂದಕ್ಕೆ ತಳ್ಳುವುದಿಲ್ಲ, ಯಾವತ್ತೂ ಮುಂಚಿತವಾಗಿಯೇ ಕೇಳುತ್ತಾ ಹೋಗುತ್ತದೆ.

ಮರಿಯ ವಿಷಯದಲ್ಲಿ ಮುಚ್ಚುಮರೆ ಬೇಡ. ಕಾದಂಬರಿಯ ಕೊನೆಯ ಅಧ್ಯಾಯಗಳಲ್ಲಿರುವಾಗ, ದೀಪಾವಳಿ ವಿಶೇಷಾಂಕಕ್ಕೆ ಕಥೆ ಒಪ್ಪಿಕೊಂಡಿರುವಾಗ ಮರಿ ತರಬೇಡಿ. ಎಷ್ಟು ತಿಂಗಳ ಮರಿಯೋ ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ ಉಚ್ಚೆ ತಡೆಯಬಲ್ಲದು ಅನ್ನುವ ಒಂದು ಅಂದಾಜಿದೆ. ಮೂರು ತಿಂಗಳಿಗೆ ನಾಲ್ಕು ಗಂಟೆ. ಆದರೆ ಅದು ಮಲಗಿದ್ದಾಗಿನ ಲೆಕ್ಕ. ಎಚ್ಚರವಾಗಿ ಓಡಾಡುತ್ತಿರುವಾಗ ಮುಕ್ಕಾಲು ಗಂಟೆಗೊಮ್ಮೆ ಹೊರಗೆ ಒಯ್ಯಬೇಕು. ನಿದ್ದೆಯಿಂದ ಎದ್ದ ತಕ್ಷಣ, ತಿಂದ ತಕ್ಷಣ, ಆಡಿ ನಿಲ್ಲಿಸಿದ ತಕ್ಷಣ, ಈ ಮೂರು ಹೊತ್ತನ್ನು ತಪ್ಪಿಸಲೇಬಾರದು. ಈ ತಿಂಗಳುಗಳಲ್ಲಿ ಬರಹ ಸಾಗುವುದು 30 ನಿಮಿಷದ ತುಂಡುಗಳಲ್ಲಿ. ಸಣ್ಣ ಅಂಕಣ, ಅನುವಾದದ ಒಂದೊಂದು ಪುಟ, ಟಿಪ್ಪಣಿ ಮಾಡಿಕೊಳ್ಳುವುದು, ಅಂಥ ಕೆಲಸಗಳಿಗೆ ಸರಿ. ನಾಲ್ಕನೇ ತಿಂಗಳಿಂದ ಏಳರವರೆಗೆ 28 ಹಾಲುಹಲ್ಲು ಉದುರಿ 42 ಹಲ್ಲು ಬರುತ್ತವೆ. ಆಗ ಒಸಡು ನವೆಯುವುದರಿಂದ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಹಳೆಯ ಪಂಚೆಯ ತುಂಡಿಗೆ ಗಂಟು ಹಾಕಿ, ನೆನೆಸಿ, ಫ್ರೀಜರಿನಲ್ಲಿಟ್ಟು ಕೊಟ್ಟರೆ ಅರ್ಧ ಗಂಟೆ ಶಾಂತಿ. ನೂಲು ಬಿಚ್ಚಿಕೊಳ್ಳಲು ಶುರುವಾದ ಕೂಡಲೇ ಎತ್ತಿ ಬಿಸಾಡಬೇಕು.

ಈಗ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಒಂದು ಪಾಠ: ತನ್ನ ಜಾಗದಲ್ಲಿ ಮಲಗುವುದನ್ನು ಕಲಿಸುವುದು.

ಒಂದು ಹಳೆಯ ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯಿಂದ ಎರಡು ಅಡಿ ದೂರ, ನೀವು ಮೌಸ್ ಹಿಡಿಯದ ಕೈಯ ಕಡೆ ಹಾಸಿ. ಬೆಳಗಿನ ಊಟದಲ್ಲೇ 40-50 ಕಾಳು ಒಣ ಆಹಾರ ತೆಗೆದು ಸ್ಟೀಲ್ ಡಬ್ಬಿಯಲ್ಲಿಡಿ. ಬೇರೆ ತಿಂಡಿ ಸೇರಿಸಿದರೆ ಎರಡೇ ತಿಂಗಳಲ್ಲಿ ಸೊಂಟ ಕಾಣುವುದಿಲ್ಲ. ನಾಯಿ ತಾನಾಗಿ ಜಮಖಾನದ ಮೇಲೆ ಕಾಲಿಟ್ಟ ಕ್ಷಣ ಒಂದು ಕಾಳನ್ನು ಜಮಖಾನದ ಮೇಲೇ ಇಡಿ. ಕೈಯಿಂದ ಕೊಡಬೇಡಿ. ಕೈಯಿಂದ ಕೊಟ್ಟರೆ ಅದು ಕೈಯನ್ನೇ ನೋಡುತ್ತಾ ಕೂರುತ್ತದೆ, ನೆಲದ ಮೇಲಿಟ್ಟರೆ ತಲೆ ಕೆಳಗಾಗುತ್ತದೆ, ತಲೆ ಕೆಳಗಾದರೆ ಮೈಯೂ ಮಲಗುತ್ತದೆ. ಮಲಗಿದ ಮೇಲೆ ಕಾಳು ಮುಂಗಾಲುಗಳ ನಡುವೆ ಬೀಳಲಿ. ಮೂರ್ನಾಲ್ಕು ದಿನ ಬರೀ ಇಷ್ಟೇ, ಹೊತ್ತಿಗೆ ಐದು ನಿಮಿಷ, ದಿನಕ್ಕೆ ಎರಡು ಸಲ. ಅದು ಜಮಖಾನ ಕಂಡರೆ ತಾನೇ ಹೋಗುವಂತಾದ ಮೇಲೆ, ಹೋಗುತ್ತಿರುವಾಗ ‘ಜಾಗ’ ಅನ್ನಿ. ಆಮೇಲೆ ಹೊತ್ತು ಬೆಳೆಸಿ: ಐದು ಸೆಕೆಂಡಿಗೊಂದು ಕಾಳು, ಹತ್ತಕ್ಕೊಂದು, ಅರ್ಧ ನಿಮಿಷಕ್ಕೊಂದು. ಅದಾದ ಮೇಲೆ ಕುರ್ಚಿಯಲ್ಲಿ ಕೂತು, ಬಳಿಕ ಸುಮ್ಮನೆ ಕೀಲಿಗಳನ್ನು ಬಡಿಯುತ್ತಾ. ಮೂರು ವಾರದ ಹೊತ್ತಿಗೆ ಹೆಚ್ಚಿನ ನಾಯಿಗಳು ನೀವು ಕೂತಾಗ ತಾವೂ ಹೋಗಿ ಮಲಗುತ್ತವೆ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಮಲಗಿರುವ ಹೊತ್ತನ್ನೂ ಜಮಖಾನದಿಂದ ನೀವಿರುವ ದೂರವನ್ನೂ ಒಟ್ಟಿಗೆ ಹೆಚ್ಚಿಸುವುದು ಮೊದಲನೆಯದು. ಒಂದನ್ನು ಹೆಚ್ಚಿಸಿದ ದಿನ ಇನ್ನೊಂದನ್ನು ತಗ್ಗಿಸಬೇಕು. ತಪ್ಪು ಮಾಡಿದಾಗ ಗದರಿಸಿ ಅಲ್ಲಿಗೆ ಕಳಿಸುವುದು ಎರಡನೆಯದು. ಜಮಖಾನ ಶಿಕ್ಷೆಯ ಜಾಗವಾದರೆ ಅದರ ಮೇಲೆ ಯಾವ ನಾಯಿಯೂ ನಿದ್ದೆ ಮಾಡುವುದಿಲ್ಲ. ಮೂರನೆಯದು ನಮ್ಮ ಭಾಷೆಯದೇ ತೊಡಕು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ‘ಇನ್ನು ಏಳಬಹುದು’ ಅನ್ನಲು ಒಂದು ಮಾತು ಬೇಕಲ್ಲ, ಬಹಳ ಜನ ‘ಆಯ್ತು’ ಅಂತ ಇಟ್ಟುಕೊಳ್ಳುತ್ತಾರೆ. ಒಂದು ಫೋನ್ ಕರೆಯಲ್ಲಿ ನಾವು ಎಷ್ಟು ಸಲ ‘ಆಯ್ತು ಆಯ್ತು’ ಅನ್ನುತ್ತೇವೆ ಅಂತ ಎಣಿಸಿ ನೋಡಿ. ಸಂಪಾದಕರ ಹತ್ತಿರ ಮಾತಾಡುವಾಗ ಪ್ರತಿ ‘ಆಯ್ತು ಸಾರ್’ಗೂ ನಾಯಿ ಎದ್ದು ಬಾಲ ಅಲ್ಲಾಡಿಸುತ್ತಾ ಬಂದರೆ ಅದರ ತಪ್ಪೇನೂ ಇಲ್ಲ. ‘ಸರಿ’, ‘ಬಾ’, ‘ಹೂಂ’ ಇವೂ ಬೇಡ. ದಿನಬಳಕೆಯಲ್ಲಿ ಬಾರದ ಒಂದು ಪದ, ‘ಬಿಡುಗಡೆ’ಯೋ ‘ಹಕ್ಕಿ’ಯೋ ಏನಾದರೂ ಆದೀತು. ಮನೆಯವರೆಲ್ಲ ಅದನ್ನೇ ಬಳಸಬೇಕು, ಅಷ್ಟೆ.

ಮಾತಿಗಿಂತ ಚೆನ್ನಾಗಿ ನಾಯಿ ಕಲಿಯುವುದು ಸದ್ದನ್ನು. ಲ್ಯಾಪ್‌ಟಾಪ್ ಮುಚ್ಚುವ ‘ಟಪ್’ ಸದ್ದು ಕೆಲಸ ಮುಗಿಯಿತು ಅನ್ನುವುದಕ್ಕೆ ಗುರುತು ಅಂತ ಕೆಲವೇ ದಿನಗಳಲ್ಲಿ ಅದಕ್ಕೆ ಗೊತ್ತಾಗಿರುತ್ತದೆ. ಇದನ್ನು ಉಪಯೋಗಿಸಿಕೊಳ್ಳಬಹುದು. ಕಾಫಿಗೆ ಏಳುವಾಗ ಲ್ಯಾಪ್‌ಟಾಪ್ ತೆರೆದೇ ಇರಲಿ. ನಿಜವಾಗಿ ಮುಗಿದಾಗ ಮಾತ್ರ ಮುಚ್ಚಿ, ಮುಚ್ಚಿದ ಮೇಲೆ ತಪ್ಪದೆ ಹತ್ತು ನಿಮಿಷ ಅದರ ಜೊತೆಗಿರಿ. ಆಮೇಲಾಮೇಲೆ ಅದು ನಿಮ್ಮ ಪ್ರತಿಯೊಂದು ಅಲುಗಾಟಕ್ಕೂ ತಲೆ ಎತ್ತುವುದನ್ನು ಬಿಟ್ಟು ಆ ಒಂದು ಸದ್ದಿಗೆ ಕಾಯುತ್ತದೆ.

ಕಾಲು ಕೆರೆಯುವುದು, ಕುಂಯ್‌ಗುಡುವುದು, ಚಪ್ಪಲಿ ತಂದು ಪಾದದ ಹತ್ತಿರ ಹಾಕುವುದು, ಇವೆಲ್ಲ ಯಾಕೆ ನಿಲ್ಲುವುದಿಲ್ಲ ಅಂದರೆ ನಾವು ಮೂರು ಸಲ ಸುಮ್ಮನಿದ್ದು ನಾಲ್ಕನೇ ಸಲಕ್ಕೆ ‘ಏನೋ ನಿಂದು!’ ಅನ್ನುತ್ತೇವೆ. ಬೈಗುಳವೂ ನಾಯಿಗೆ ಮಾತೇ. ಯಾವಾಗ ಸಿಗುತ್ತದೋ ಗೊತ್ತಿಲ್ಲದೆ ಆಗೊಮ್ಮೆ ಈಗೊಮ್ಮೆ ಸಿಗುವುದಕ್ಕೆ ನಾಯಿ ಇನ್ನಷ್ಟು ಹಟ ಹಿಡಿಯುತ್ತದೆ. ಉತ್ತರ ಕೊಡುವುದಾದರೆ ಮೊದಲನೇ ಸಲವೇ ಕೊಡಿ: ಎದ್ದು ನೋಡಿ, ಹೊರಗೆ ಹೋಗಬೇಕೇ, ನೀರು ಖಾಲಿಯಾಗಿದೆಯೇ. 10 ಕಿಲೋದ ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ ಅರ್ಧ ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಏನೂ ಬೇಕಿಲ್ಲ ಅಂತ ಖಚಿತವಾದರೆ ಆಮೇಲೆ ಕಣ್ಣು ಕೂಡ ತಿರುಗಿಸಬೇಡಿ. ಮೊದಲ ಕೆಲವು ದಿನ ಕಾಟ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ, ಇಲ್ಲೇ ಎಲ್ಲರೂ ಕೈಬಿಡುವುದು. ಹೆಚ್ಚಾಯಿತು ಅಂದರೆ ನಿಲ್ಲುವ ಹೊತ್ತು ಬಂತು ಅಂತ ತಿಳಿಯಬೇಕು. ಅದರ ಜೊತೆಗೆ, ತಾನಾಗಿ ಸುಮ್ಮನೆ ಮಲಗಿದ್ದಾಗ ಸದ್ದಿಲ್ಲದೆ ಒಂದು ಕಾಳು ಮೂತಿಯ ಹತ್ತಿರ ಇಟ್ಟು ಬನ್ನಿ. ನಾವು ಗಲಾಟೆಗೆ ಓಗೊಡುತ್ತೇವೆ, ಸುಮ್ಮನಿದ್ದದ್ದನ್ನು ಗಮನಿಸುವುದೇ ಇಲ್ಲ.

ಎರಡು ಗಂಟೆ ಅಡೆತಡೆಯಿಲ್ಲದೆ ಬೇಕೇಬೇಕು ಅನ್ನುವ ದಿನ ನೆಕ್ಕುವ ಕೆಲಸ ಕೊಡುವುದು ಒಳ್ಳೆಯ ಉಪಾಯ. ನೆಕ್ಕುವುದರಿಂದ ನಾಯಿ ತಣ್ಣಗಾಗುತ್ತದೆ. ಅಗಲ ಬಾಯಿಯ ಸ್ಟೀಲ್ ಬಟ್ಟಲಿಗೆ ತೆಳ್ಳಗಿನ ರಾಗಿ ಅಂಬಲಿ ಮೂರು ಚಮಚ, ಮೊಸರು ಎರಡು ಚಮಚ, ಬೇಯಿಸಿದ ಕ್ಯಾರೆಟ್ ತುರಿ ಒಂದಿಷ್ಟು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೇಡ. ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟರೆ ಮಾರನೇ ದಿನ 20-25 ನಿಮಿಷದ ಕೆಲಸ, ಅದಾದ ಮೇಲೆ ನಿದ್ದೆ. ಬಟ್ಟಲು ನೆಲದ ಮೇಲೆ ಜಾರುತ್ತಾ ಹೋಗಿ ಗೋಡೆಗೆ ಕಟಕಟ ಬಡಿಯುತ್ತದೆ, ಒದ್ದೆ ಟವೆಲ್ ಮೇಲಿಟ್ಟರೆ ಜಾರುವುದಿಲ್ಲ. ತೆಂಗಿನ ಚಿಪ್ಪಿನಲ್ಲಿ ಹಾಕಿಕೊಡುವವರಿದ್ದಾರೆ, ಅದು ಸೀಳಿ ಒಸಡಿಗೆ ಚುಚ್ಚುತ್ತದೆ. ಎರಡು ನಾಯಿಗಳಿದ್ದರೆ ಎರಡು ಬಟ್ಟಲು, ಎರಡು ಕೋಣೆ. ಒಂದೇ ಕೋಣೆಯಲ್ಲಿ ಕೊಟ್ಟು ಬರೆಯಲು ಕೂತರೆ ಬೇಗ ಮುಗಿಸಿದ್ದು ಇನ್ನೊಂದರ ಬಟ್ಟಲಿಗೆ ಹೋಗುತ್ತದೆ, ಅಲ್ಲಿಗೆ ಜಗಳ.

ಕಾಲಿಂಗ್ ಬೆಲ್ಲಿಗೆ ಬರೋಣ. ಅಂಚೆಯವರು, ಕೊರಿಯರ್‌ನವರು ಬಂದಾಗ ನಾಯಿ ಬೊಗಳುತ್ತದೆ, ಅವರು ಕೊಟ್ಟು ಹೋಗುತ್ತಾರೆ. ನಾಯಿಯ ಲೆಕ್ಕದಲ್ಲಿ ತಾನು ಬೊಗಳಿದ್ದಕ್ಕೇ ಅವರು ಹೋದದ್ದು. ದಿನಾ ಗೆಲ್ಲುವ ಕೆಲಸವನ್ನು ಯಾರು ಬಿಡುತ್ತಾರೆ? ಆದ್ದರಿಂದ ಗದರಿಸಿ ಪ್ರಯೋಜನವಿಲ್ಲ, ಬೆಲ್ ಅಂದರೆ ಬೇರೆ ಅರ್ಥ ಬರುವಂತೆ ಮಾಡಬೇಕು. ನಿಮ್ಮ ಮನೆಯದೇ ಬೆಲ್ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕಿವಿ ನಿಮಿರಬೇಕು, ಬೊಗಳಬಾರದು, ಅಷ್ಟು ಸಣ್ಣಗೆ ಒಮ್ಮೆ ಕೇಳಿಸಿ, ಕೂಡಲೇ ಜಮಖಾನದ ಮೇಲೆ ಮೂರು ಕಾಳು ಹಾಕಿ. ದಿನಕ್ಕೆ ಹತ್ತು ಸಲ. ಸದ್ದು ಕೇಳಿದೊಡನೆ ತಿರುಗಿ ಜಮಖಾನ ನೋಡತೊಡಗಿದ ಮೇಲೆ ಒಂದು ಹಂತ ಜೋರು ಮಾಡಿ. ಬೊಗಳಿದರೆ ಜೋರಾಯಿತು ಅಂತಲೇ ಅರ್ಥ, ಒಂದು ಹಂತ ಹಿಂದಕ್ಕೆ ಬನ್ನಿ. ಮೊಬೈಲಿನಿಂದ ನಿಜವಾದ ಬೆಲ್ಲಿಗೆ ಹೋಗುವಾಗ ಮೊದಲು ಮನೆಯವರೇ ಒತ್ತಲಿ, ಆಮೇಲೆ ಪರಿಚಯದವರು. ಕದ ಬಡಿಯುವ ಸದ್ದು, ಗೇಟಿನ ಚಿಲಕದ ಸದ್ದು ಬೇರೆಯೇ ಪಾಠ, ಅವನ್ನೂ ಹೀಗೆಯೇ ಕಲಿಸಬೇಕು. ಪಾಠ ಮುಗಿಯುವ ತನಕ ‘ಬೆಲ್ ಒತ್ತಬೇಡಿ, ಫೋನ್ ಮಾಡಿ’ ಅಂತ ಗೇಟಿಗೊಂದು ಚೀಟಿ ಅಂಟಿಸಿ, ನಡುವೆ ನಿಜವಾದ ಗಲಾಟೆಯಾದಷ್ಟೂ ಕಲಿತದ್ದು ಅಳಿಸಿಹೋಗುತ್ತದೆ.

ಬರೆಯುವ ಕೋಣೆಯ ಕಿಟಕಿ ಬೀದಿ ಕಡೆಗಿದ್ದರೆ ಪರದೆ ಸಾಲದು, ಮೂತಿಯಿಂದ ಸರಿಸುತ್ತದೆ. ನಾಯಿ ನಿಂತಾಗ ಅದರ ಕಣ್ಣಿನ ಎತ್ತರಕ್ಕೆ ಅರ್ಧ ಅಡಿ ಸೇರಿಸಿ ಅಷ್ಟರವರೆಗೆ ಗಾಜಿಗೆ ಮಂಜುಬಣ್ಣದ ಸ್ಟಿಕ್ಕರ್ ಹಾಳೆ ಅಂಟಿಸಿದರೆ ಬೆಳಕೂ ಬರುತ್ತದೆ, ಬೀದಿಯೂ ಕಾಣುವುದಿಲ್ಲ. ಬೀಡಾಡಿ ಹಸು, ಬೀದಿನಾಯಿ ಕಂಡು ಬೊಗಳುವುದು ಇದರಿಂದಲೇ ಎಷ್ಟೋ ತಗ್ಗುತ್ತದೆ. ನಾಡ ನಾಯಿಗಳಿಗೆ ಇದು ತುಂಬಾ ಮುಖ್ಯ. ತನ್ನ ಗಡಿ ಕಾಯುವುದು ಅದರ ರಕ್ತದಲ್ಲೇ ಇದೆ, ಗಡಿ ಕಾಣದಿದ್ದರೆ ನಿಶ್ಚಿಂತೆಯಿಂದ ಮಲಗುತ್ತದೆ. ಬಾಗಲಕೋಟೆ ಕಡೆಯಿಂದ ಮುಧೋಳದ ಮರಿ ತರುವವರು ತಿಳಿದಿರಬೇಕಾದ್ದು ಬೇರೆ. ಅದು ಕಣ್ಣಿನಿಂದ ಬೇಟೆಯಾಡುವ, ಓಡಲಿಕ್ಕೆಂದೇ ಹುಟ್ಟಿದ ನಾಯಿ. ಬೇಲಿ ಇರುವ ಬಯಲಲ್ಲಿ ದಿನಾ ಒಮ್ಮೆ ಪೂರ್ತಿ ವೇಗದಲ್ಲಿ ಓಡಲು ಬಿಟ್ಟರೆ ಉಳಿದ ಹೊತ್ತು ಮನೆಯೊಳಗೆ ಇದೆಯೋ ಇಲ್ಲವೋ ಅನ್ನುವಷ್ಟು ಮೌನ. ಓಡಿಸಲಾಗದವರು ಆ ತಳಿಯ ಆಸೆ ಬಿಡುವುದೇ ನ್ಯಾಯ. ಪಗ್, ಶಿಟ್ಜು ಥರದ ಚಪ್ಪಟೆ ಮೂತಿಯವು ಗೊರಕೆ ಹೊಡೆಯುತ್ತವೆ, ಬಾಯಲ್ಲಿ ಹೇಳಿ ಮೊಬೈಲಿನಿಂದ ಬರೆಸುವವರು ಇದನ್ನು ಗಮನಿಸಬೇಕು. ಮೈಕಿನ ಹತ್ತಿರದ ಏದುಸಿರನ್ನೂ ಯಂತ್ರ ಅಕ್ಷರ ಮಾಡಲು ಹೊರಡುತ್ತದೆ.

ಮೇಜಿನ ಮೇಲಿನ ಸಾಮಾನುಗಳ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ಪ್ರಾಣ ಹೋಗುತ್ತದೆ.

ಪುಸ್ತಕದ ಕಪಾಟಿನಿಂದ ಶುರುಮಾಡೋಣ. ಬೆಳ್ಳಿಮೀನು ಹುಳ ಬಾರದಿರಲಿ ಅಂತ ಕಪಾಟಿನ ಮೂಲೆಮೂಲೆಗೂ ನುಸಿ ಗುಳಿಗೆ ಹಾಕುವ ರೂಢಿ ನಮ್ಮಲ್ಲಿದೆ. ಬಿಳಿಯ, ಗುಂಡಗಿನ, ಉರುಳುವ ವಸ್ತು, ಮರಿಯ ಕಣ್ಣಿಗೆ ಅದು ಆಟದ ಸಾಮಾನು. ನ್ಯಾಫ್ತಲೀನ್ ಗುಳಿಗೆ ಹೊಟ್ಟೆಗೆ ಹೋದರೆ ರಕ್ತದ ಕೆಂಪುಕಣಗಳು ಒಡೆಯುತ್ತವೆ. ವಾಂತಿ, ಸುಸ್ತು, ಒಸಡು ಬಿಳಿಚಿಕೊಳ್ಳುವುದು, ಉಚ್ಚೆ ಕಂದುಬಣ್ಣಕ್ಕೆ ತಿರುಗುವುದು ಅದರ ಲಕ್ಷಣಗಳು, ಕೆಲವು ಸಲ ಇವು ಕಾಣಿಸಿಕೊಳ್ಳಲು ಒಂದೆರಡು ದಿನ ಹಿಡಿಯುತ್ತದೆ. ತಿಂದದ್ದು ಗೊತ್ತಾದ ತಕ್ಷಣ, ಲಕ್ಷಣಕ್ಕೆ ಕಾಯದೆ, ಉಳಿದ ಗುಳಿಗೆಯ ಪ್ಯಾಕೆಟ್ಟನ್ನೂ ಹಿಡಿದುಕೊಂಡು ಪಶುವೈದ್ಯರಲ್ಲಿಗೆ ಓಡಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಬೇಡ, ಆ ಉಪ್ಪೇ ಇನ್ನೊಂದು ವಿಷ. ನಾಯಿ ಇರುವ ಮನೆಯಲ್ಲಿ ನುಸಿ ಗುಳಿಗೆ ಇಡಲೇಬಾರದು. ಒಣಗಿಸಿದ ಬೇವಿನ ಎಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಸಾಲುಗಳ ಹಿಂದಿಡಿ. ಎರಡು ಮೂರು ತಿಂಗಳಿಗೊಮ್ಮೆ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಕೊಡವಿ ಒರೆಸಿದರೆ ಅದಕ್ಕಿಂತ ದೊಡ್ಡ ಮದ್ದಿಲ್ಲ.

ಎರಡನೆಯದು ಹಸ್ತಪ್ರತಿ ಕಟ್ಟುವ ಟ್ಯಾಗ್ ದಾರ, ತುದಿಯಲ್ಲಿ ತಗಡಿನ ಚೂರು ಇರುತ್ತದಲ್ಲ, ಅದು. ನಾಯಿ ನುಂಗಿದರೆ ದಾರದ ಒಂದು ತುದಿ ಎಲ್ಲೋ ಸಿಕ್ಕಿಕೊಂಡು ಕರುಳು ಲಾಡಿ ಎಳೆದ ಹಾಗೆ ನೆರಿಗೆಗಟ್ಟುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರ ಜೋತುಬಿದ್ದಿದ್ದು ಕಂಡರೆ ಎಳೆಯಬಾರದು, ಕರುಳು ಕೊಯ್ದುಹೋಗುತ್ತದೆ. ಗುಂಡುಸೂಜಿ, ಸ್ಟೇಪ್ಲರ್ ಪಿನ್ನು, ಬಿಲ್ಲೆಯಂಥ ಬ್ಯಾಟರಿ, ರಬ್ಬರು ಇವೆಲ್ಲ ಮುಚ್ಚಳವಿರುವ ಡಬ್ಬಿಗೆ. ಬಿಲ್ಲೆ ಬ್ಯಾಟರಿ ಗಂಟಲಲ್ಲಿ ನಿಂತರೆ ಸುಟ್ಟು ತೂತು ಮಾಡಲು ಹೆಚ್ಚು ಹೊತ್ತು ಬೇಡ.

ಕಾಫಿ ನಮಗೆ ಬಿಡಲಾಗದು, ಅದಕ್ಕೆ ಕೊಡಲಾಗದು. ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರಿನಲ್ಲಿ ಉಳಿಯುವ ಚರಟದಲ್ಲೂ ಕೆಫೀನ್ ಇರುತ್ತದೆ. ಗೊಬ್ಬರ ಅಂತ ಅದನ್ನು ಹೂಕುಂಡಕ್ಕೆ ಹಾಕುತ್ತೇವೆ, ವಾಸನೆಗೋ ಏನೋ ನಾಯಿ ಮಣ್ಣು ಕೆದಕಿ ತಿನ್ನುತ್ತದೆ. ಕುಂಡವನ್ನು ಎತ್ತರದಲ್ಲಿಡಿ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಕ್ಸೈಲಿಟಾಲ್ ಹಾಕಿದ ಸಕ್ಕರೆರಹಿತ ಚ್ಯೂಯಿಂಗ್ ಗಮ್ ಇವೂ ವಿಷವೇ. ಹಬ್ಬದ ದಿನದ ಪಾಯಸ, ಕೇಸರಿಬಾತಿನಲ್ಲಿ ಒಣದ್ರಾಕ್ಷಿ ಇರುವುದು ನಮಗೆ ಮರೆತೇಹೋಗುತ್ತದೆ. ಬೆನ್ನುನೋವು, ತಲೆನೋವಿನ ಮಾತ್ರೆ ಬರೆಯುವವರ ಮೇಜಿನ ಮೇಲೆ ಬಿದ್ದಿರುವುದೇ ಹೆಚ್ಚು. ಮನುಷ್ಯರ ನೋವಿನ ಮಾತ್ರೆಗಳಲ್ಲಿ ಒಂದನ್ನೂ ವೈದ್ಯರನ್ನು ಕೇಳದೆ ನಾಯಿಗೆ ಕೊಡಬಾರದು, ಅದರ ಬಾಯಿಗೆ ಸಿಗಲೂಬಾರದು. ಕೈಗೆ ನೋವಿನ ಮುಲಾಮು ಹಚ್ಚಿಕೊಂಡು ಕೂತಾಗ ನೆಕ್ಕಲು ಬಿಡಬೇಡಿ.

ವೈರುಗಳಿಗೆ ಎಲೆಕ್ಟ್ರಿಷಿಯನ್ ಬಳಸುವ ಪಿವಿಸಿ ಪಟ್ಟಿಯೇ ಸರಿ, ಸ್ಪೈಕ್ ಬಸ್ಟರನ್ನು ಮೇಜಿನ ಹಲಗೆಯ ಕೆಳಭಾಗಕ್ಕೆ ಸ್ಕ್ರೂ ಹೊಡೆದು ನಿಲ್ಲಿಸಿದರೆ ನೆಲದ ಮೇಲೆ ಏನೂ ಉಳಿಯುವುದಿಲ್ಲ. ಲ್ಯಾಬ್ರಡಾರಿನ ಬಾಲ ಟೀಪಾಯಿಯ ಎತ್ತರಕ್ಕೆ ಸರಿಯಾಗಿ ಬೀಸುತ್ತದೆ, ಕಾಫಿ ಲೋಟ ಅಲ್ಲಿ ಇಡಬಾರದು. ಕೂದಲು ಲ್ಯಾಪ್‌ಟಾಪಿನ ಗಾಳಿಕಿಂಡಿಗೆ ಕಟ್ಟಿಕೊಂಡು ಫ್ಯಾನು ಒಂದೇ ಸಮನೆ ಕೂಗತೊಡಗುತ್ತದೆ. ವಾರಕ್ಕೊಮ್ಮೆ ಅರ್ಧ ಇಂಚಿನ ಪೇಂಟ್ ಬ್ರಷ್‌ನಿಂದ ಕೀಲಿಗಳ ನಡುವೆ, ಕಿಂಡಿಯ ಬಾಯಲ್ಲಿ ಗುಡಿಸಿ. ನಾಯಿಯ ಮೈ ಬಾಚುವುದನ್ನು ಹೊರಗೇ ಮುಗಿಸಿದರೆ ಅರ್ಧ ಕೆಲಸ ಕಡಿಮೆ.

ಬಾಚುವಾಗಲೇ ಉಣ್ಣಿ ನೋಡಬೇಕು. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಕಂಕುಳಲ್ಲಿ, ಕುತ್ತಿಗೆ ಪಟ್ಟಿಯ ಕೆಳಗೆ. ಕಂಡರೆ ಚಿಮುಟದಿಂದ ಚರ್ಮಕ್ಕೆ ಅಂಟಿದಷ್ಟು ಹತ್ತಿರ ಹಿಡಿದು ನೇರ ಎಳೆದು ಸೋಪಿನ ನೀರಿಗೆ ಹಾಕಿ, ಉಗುರಿನಿಂದ ಹಿಸುಕಬೇಡಿ. ನಾಯಿಯ ಕಂದು ಉಣ್ಣಿ ಮನೆಯೊಳಗೇ ಸಂಸಾರ ಮಾಡುತ್ತದೆ, ಗೋಡೆ ಹತ್ತಿ ಬಿರುಕಿನಲ್ಲೋ ಕಪಾಟಿನ ಹಿಂದೋ ಮೊಟ್ಟೆ ಇಡುತ್ತದೆ. ಆದ್ದರಿಂದ ಮೈಗೆ ಮದ್ದು ಹಾಕಿದಷ್ಟೇ ಮುಖ್ಯ ಕಪಾಟನ್ನು ಗೋಡೆಯಿಂದ ಎಳೆದು ಗುಡಿಸುವುದು. ಮದ್ದಿನ ಪ್ರಮಾಣ ನಾಯಿಯ ತೂಕದ ಮೇಲೆ, ವೈದ್ಯರೇ ಹೇಳಬೇಕು. ಮಲೆನಾಡಿನವರಿಗೆ ಇದು ನಾಯಿಯ ಆರೋಗ್ಯದ ಮಾತಷ್ಟೇ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಕಾಡಿನ ಉಣ್ಣಿಯಿಂದಲೇ ಹರಡುವುದು. ಡಿಸೆಂಬರಿನಿಂದ ಮೇ ತನಕ ನಾಯಿಯನ್ನು ಕಾಡಿನಂಚಿಗೆ ಬಿಟ್ಟರೆ ಅದರ ಮೈ ಹತ್ತಿ ಉಣ್ಣಿ ನಮ್ಮ ಕೋಣೆಗೂ ಬರುತ್ತದೆ.

ಮಳೆಗಾಲದಲ್ಲಿ ಕಾಗದಕ್ಕೆ ದೊಡ್ಡ ಶತ್ರು ಒದ್ದೆ ನಾಯಿ. ಅದು ಮೈ ಕೊಡವುವುದು ತಲೆಯಿಂದ ಶುರುವಾಗಿ ಬಾಲಕ್ಕೆ ಹೋಗುತ್ತದೆ. ಬಾಗಿಲಲ್ಲೇ ಎರಡು ಹಳೆಯ ಟವೆಲ್ ಇಟ್ಟುಕೊಂಡು ಒಂದನ್ನು ತಲೆಯ ಮೇಲೆ ಹೊದಿಸಿ ಮೆಲ್ಲಗೆ ಹಿಡಿದುಕೊಂಡರೆ ಕೊಡವುವುದು ಅಲ್ಲೇ ನಿಲ್ಲುತ್ತದೆ, ಇನ್ನೊಂದರಿಂದ ಮೈ, ಹೊಟ್ಟೆ, ಪಾದ ಒರೆಸಿ. ಜಡಿಮಳೆ ಹಿಡಿದು ಹೊರಗೆ ಹೋಗಲಾಗದ ದಿನ ಅದರ ಊಟದ ಕಾಳುಗಳಲ್ಲಿ ಹದಿನೈದನ್ನು ಕೋಣೆಯೊಳಗೆ, ಕಂಬಳಿ ಮಡಿಕೆಯಲ್ಲಿ, ಕುರ್ಚಿಯ ಕಾಲ ಬಳಿ, ಬಾಗಿಲ ಸಂದಿಯಲ್ಲಿ ಬಚ್ಚಿಟ್ಟು ಮೂಸಿ ಹುಡುಕಲು ಬಿಡಿ. ಹತ್ತು ನಿಮಿಷದ ಹುಡುಕಾಟ ದೊಡ್ಡ ಓಡಾಟದಷ್ಟೇ ದಣಿಸುತ್ತದೆ.

ಮನೆಯಲ್ಲಿ ಕೂತು ಬರೆಯುವವರ ನಾಯಿಗಳಿಗೆ ಇರುವ ವಿಶೇಷ ತೊಂದರೆ ಇನ್ನೊಂದು: ಒಂಟಿಯಾಗಿರುವುದು ಗೊತ್ತೇ ಇರುವುದಿಲ್ಲ. ವರ್ಷಗಟ್ಟಲೆ ಸದಾ ಜೊತೆಗಿದ್ದವರು ಪುಸ್ತಕ ಬಿಡುಗಡೆಗೆ ಅಂತ ಒಂದು ದಿನ ಧಾರವಾಡಕ್ಕೆ ಹೋದರೆ ನಾಯಿ ಊಟ ಬಿಟ್ಟು, ಬಾಗಿಲು ಕೆರೆದು ಉಗುರು ಕಿತ್ತುಕೊಂಡು, ಜೊಲ್ಲು ಸುರಿಸುತ್ತಾ ಒರಲುತ್ತದೆ. ಪಾಪದ ಪ್ರಾಣಿ, ಅದಕ್ಕೆ ಹೆದರಿಕೆ. ಇದನ್ನು ಮೊದಲೇ ತಡೆಯಬಹುದು. ದಿನಾ ಒಮ್ಮೆ ಬರೆಯುವ ಕೋಣೆಯ ಬಾಗಿಲು ಹಾಕಿಕೊಂಡು ನಾಯಿಯನ್ನು ಹೊರಗೆ ಬಿಡಿ. ಮೊದಲ ದಿನ ಹತ್ತು ಸೆಕೆಂಡು, ಅದು ಕೂಗುವ ಮೊದಲೇ ತೆಗೆಯಬೇಕು. ಮೂವತ್ತು ಸೆಕೆಂಡು, ಎರಡು ನಿಮಿಷ, ಹತ್ತು ನಿಮಿಷ ಅಂತ ವಾರಗಳ ಮೇಲೆ ಬೆಳೆಸಿ. ಚಪ್ಪಲಿ ಮೆಟ್ಟಿ, ಬೀಗದ ಕೈ ಎತ್ತಿಕೊಂಡು ಎಲ್ಲಿಗೂ ಹೋಗದೆ ಕೂತು ಬರೆಯಿರಿ, ಆ ಗುರುತುಗಳ ಭಯ ಕಳೆಯುತ್ತದೆ. ಹೋಗುವಾಗ ಮುದ್ದಿಸಿ ಬೀಳ್ಕೊಡುವುದು ಬೇಡ, ಬಂದಾಗ ಹಬ್ಬ ಮಾಡುವುದೂ ಬೇಡ.

ದೀಪಾವಳಿಯ ಮೂರು ದಿನ ಸಂಜೆ ಬರಹ ಒಪ್ಪಿಕೊಳ್ಳಲೇಬೇಡಿ. ಕತ್ತಲಾಗುವ ಮೊದಲೇ ಹೊರಗೆ ಸುತ್ತಾಡಿಸಿ ತಂದು, ಒಳಕೋಣೆಯಲ್ಲಿ ಕಿಟಕಿ ಮುಚ್ಚಿ ಫ್ಯಾನು ಜೋರಾಗಿ ಹಾಕಿ ಪಕ್ಕದಲ್ಲೇ ಕೂತು ಓದಿ. ಮಂಚದ ಕೆಳಗೆ ಹೊಕ್ಕರೆ ಎಳೆಯಬೇಡಿ. ನಡುಗುವಾಗ ಮೈ ಸವರಿದರೆ ಹೆದರಿಕೆ ಹೆಚ್ಚುತ್ತದೆ ಅನ್ನುವುದು ಸುಳ್ಳು, ಧಾರಾಳವಾಗಿ ಸವರಿ. ತೀರಾ ಹೆದರುವ ನಾಯಿಗೆ ಮಾತ್ರೆ ಇದೆ, ಅದನ್ನು ಹಬ್ಬಕ್ಕೆ ಎರಡು ವಾರ ಮೊದಲೇ ವೈದ್ಯರ ಹತ್ತಿರ ಮಾತಾಡಿಕೊಳ್ಳಬೇಕು.

ಕೊನೆಗೆ ಕುರ್ಚಿ. ಮೇಜಿನ ಕೆಳಗೆ ನಾಯಿ ಮಲಗಿದ್ದರೆ ಅದಕ್ಕೆ ತೊಂದರೆಯಾಗದಿರಲಿ ಅಂತ ಕಾಲು ಓರೆ ಮಾಡಿ ಗಂಟೆಗಟ್ಟಲೆ ಕೂರುತ್ತೇವೆ, ವರ್ಷ ಕಳೆಯುವುದರಲ್ಲಿ ಸೊಂಟ ಹಿಡಿದಿರುತ್ತದೆ. ಜಮಖಾನ ಪಕ್ಕಕ್ಕೆ ಅಂದದ್ದು ಇದಕ್ಕೂ ಸೇರಿ. ಗಾಲಿ ಇರುವ ಕುರ್ಚಿ ಬಾಲ, ಪಾದಗಳ ಮೇಲೆ ಹರಿಯುತ್ತದೆ, ನಾಯಿ ಇರುವ ಕೋಣೆಗೆ ನಾಲ್ಕು ಕಾಲಿನ ಮರದ ಕುರ್ಚಿಯೇ ವಾಸಿ. ಟೈಲ್ಸ್ ನೆಲದಲ್ಲಿ ವಯಸ್ಸಾದ ನಾಯಿ ಏಳಲು ಹೋಗಿ ಹಿಂಗಾಲು ಜಾರಿ ಬೀಳುತ್ತದೆ. ಮಲಗುವ ಜಾಗದಿಂದ ನೀರಿನ ಬಟ್ಟಲಿನ ತನಕ, ಅಲ್ಲಿಂದ ಬಾಗಿಲ ತನಕ ರಬ್ಬರ್ ತಳದ ಕಾಲೊರಸುಗಳನ್ನು ಸಾಲಾಗಿ ಹಾಸಿಬಿಡಿ. ಹತ್ತು ಹನ್ನೆರಡು ವರ್ಷವಾದ ಮೇಲೆ ಮೂರು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಬೇಕಾಗುತ್ತದೆ, ಮರಿಯಾಗಿದ್ದಾಗಿನ ಹಾಗೆ ಬರಹ ಮತ್ತೆ ತುಂಡುತುಂಡಾಗುತ್ತದೆ. ಕಿವಿ ಮಂದವಾಗಿರುತ್ತದೆ, ಲ್ಯಾಪ್‌ಟಾಪಿನ ‘ಟಪ್’ ಕೇಳಿಸುವುದಿಲ್ಲ. ಎಷ್ಟೋ ಸಲ ನಿಮಗೆ ಗೊತ್ತಾಗದೆ ಕುರ್ಚಿಯ ಹಿಂದೆಯೇ ಬಂದು ಮಲಗಿರುತ್ತದೆ. ಏಳುವ ಮುನ್ನ ಪಾದದಿಂದ ನೆಲವನ್ನು ಎರಡು ಸಲ ತಟ್ಟಿ. ಆ ಅದುರು ಅದಕ್ಕೆ ತಿಳಿಯುತ್ತದೆ. ತಲೆ ಎತ್ತಿ ನೋಡಿದ ಮೇಲೆ ಕುರ್ಚಿ ಹಿಂದಕ್ಕೆ ಸರಿಸಿ.